ಊರ ನೆಲಕ್ಕಾಗಿ ನಿಂತ ಕಾರಂತರು

ಧಾರವಾಡ ಸೀಮೆಯ ಅನೇಕ ಹಳ್ಳಿಗಳಲ್ಲಿ ಹೊಲಗಳ ಆಚೆಗೆ ಗಾಯರಾಣವೆಂಬ ಬಯಲು ಇರುವುದುಂಟು. ಅದಕ್ಕೆ ಒಬ್ಬನೇ ಒಡೆಯನಿಲ್ಲ. ಊರ ದನಕರುಗಳೂ ಕುರಿಗಳೂ ಅಲ್ಲಿ ಮೇಯುತ್ತವೆ. ತುಂಡು ಹೊಲವೂ ಇಲ್ಲದ ಬಡವರು ಅಲ್ಲಿಂದ ಹುಲ್ಲು, ಕಟ್ಟಿಗೆಗಳನ್ನು ತಂದುಕೊಳ್ಳುತ್ತಾರೆ. ಕಾಗದಪತ್ರಗಳಲ್ಲಿ ಸರಕಾರದ್ದಾದರೂ ತಲೆತಲಾಂತರದ ಬಳಕೆಯಿಂದ ಊರಿನದೇ ಆಗಿರುವ ಇಂಥ ನೆಲವನ್ನು ಉಳಿಸುವುದಕ್ಕಾಗಿ, ಎಂಬತ್ತನಾಲ್ಕರ ಇಳಿವಯಸ್ಸಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕ ಸಾಹಿತಿಯೊಬ್ಬರು ನಮ್ಮ ನಾಡಿನಲ್ಲಿ ಇದ್ದರು. ಅವರೇ ಕೋಟ ಶಿವರಾಮ ಕಾರಂತರು.

ಕಾರಂತರು 1902ರ ಅಕ್ಟೋಬರ್ 10ರಂದು ಈಗಿನ ಉಡುಪಿ ಜಿಲ್ಲೆಯ ಕೋಟ ಗ್ರಾಮದಲ್ಲಿ ಜನಿಸಿದರು. ಮಹಾತ್ಮಾ ಗಾಂಧಿಯವರ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಕಾಲೇಜು ವಿದ್ಯಾಭ್ಯಾಸವನ್ನು ಅರ್ಧಕ್ಕೇ ತೊರೆದರು. ಅಲ್ಲಿಂದ ಮುಂದೆ ಊರೂರು ಸುತ್ತಿ ಕಂಡ ಬದುಕೇ ಅವರ ಪಾಠಶಾಲೆಯಾಯಿತು. ನಲವತ್ತಕ್ಕೂ ಮಿಗಿಲಾದ ಕಾದಂಬರಿಗಳನ್ನು ಬರೆದರು. ಮಕ್ಕಳಿಗಾಗಿ ಬಾಲಪ್ರಪಂಚವನ್ನು ರಚಿಸಿದರು. ಯಕ್ಷಗಾನಕ್ಕೆ ಹೊಸ ಜೀವ ತುಂಬಿದರು. 'ಮೂಕಜ್ಜಿಯ ಕನಸುಗಳು' ಕಾದಂಬರಿಗಾಗಿ ಜ್ಞಾನಪೀಠ ಪ್ರಶಸ್ತಿ ಅವರಿಗೆ ಸಂದಿತು. ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣವನ್ನು ಹಿಂದಿರುಗಿಸಿದ ನಿಷ್ಠುರ ಸ್ವಭಾವ ಅವರದು.

1933ರಲ್ಲಿ ಪ್ರಕಟವಾದ ಅವರ 'ಚೋಮನ ದುಡಿ'ಯ ನಾಯಕ ಒಬ್ಬ ದಲಿತ ಜೀತದಾಳು. ಅವನಲ್ಲಿ ಎತ್ತುಗಳಿದ್ದವು, ತೋಳಿನಲ್ಲಿ ಕಸುವಿತ್ತು. ಉಳಲು ಅಂಗೈಯಗಲ ನೆಲ ಮಾತ್ರ ಇರಲಿಲ್ಲ. ಆ ಆಸೆ ಈಡೇರದೆಯೇ ಅವನು ದುಡಿ ಬಾರಿಸುತ್ತ ಪ್ರಾಣ ಬಿಡುತ್ತಾನೆ. ನೆಲವಿಲ್ಲದವನ ಸಂಕಟವನ್ನು ಹೀಗೆ ಯೌವನದಲ್ಲಿಯೇ ಅರಿತಿದ್ದ ಕಾರಂತರಿಗೆ ಅರ್ಧ ಶತಮಾನದ ಬಳಿಕ ಅದೇ ಸಂಕಟ ಮತ್ತೊಂದು ರೂಪದಲ್ಲಿ ಎದುರಾಯಿತು.

ಕುಮಾರಪಟ್ಟಣದ ಬಳಿ ತುಂಗಭದ್ರೆಯ ದಡದಲ್ಲಿದ್ದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಗೆ ಮರದ ತಿರುಳು ಬೇಕಾಗಿತ್ತು. ಅದಕ್ಕಾಗಿ 1984ರಲ್ಲಿ ರಾಜ್ಯ ಸರಕಾರವು ಆ ಕಾರ್ಖಾನೆಯೊಡನೆ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಲಿಮಿಟೆಡ್ ಎಂಬ ಕಂಪನಿಯನ್ನು ಸ್ಥಾಪಿಸಿತು. ಧಾರವಾಡ, ಶಿವಮೊಗ್ಗ ಮೊದಲಾದ ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಸಾಮೂಹಿಕ ಭೂಮಿಯಲ್ಲಿ ನೀಲಗಿರಿ ಬೆಳೆಸುವುದು ಅದರ ಉದ್ದೇಶವಾಗಿತ್ತು. ನೀಲಗಿರಿಯ ಎಲೆಯನ್ನು ದನ ಮುಟ್ಟುವುದಿಲ್ಲ. ಗೋಮಾಳ ಕಂಪನಿಯ ಪಾಲಾದರೆ ದನ ಕಾಯುವವರೂ ಕೂಲಿಯವರೂ ಹೋಗುವುದೆಲ್ಲಿಗೆ? ಈ ಏರ್ಪಾಡಿನಲ್ಲಿ ಹಳ್ಳಿಗರ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ.

ಕಾರಂತರು ಕರಾವಳಿಯವರು, ಈ ಬಯಲುಗಳಲ್ಲಿ ಅವರ ದನಗಳೇನೂ ಮೇಯುತ್ತಿರಲಿಲ್ಲ. ಆದರೂ ಅವರು ಧಾರವಾಡದ ಸಮಾಜ ಪರಿವರ್ತನ ಸಮುದಾಯದೊಡನೆ ಕೂಡಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದರು. 1987ರ ಮಾರ್ಚ್ 24ರಂದು ನ್ಯಾಯಾಲಯವು ಭೂಮಿಯ ಹಸ್ತಾಂತರಕ್ಕೆ ತಡೆ ನೀಡಿತು. ಅದೇ ವರ್ಷದ ನವೆಂಬರ್ 14ರಂದು, ಅಂದು ಧಾರವಾಡ ಜಿಲ್ಲೆಗೆ ಸೇರಿದ್ದು ಈಗ ಹಾವೇರಿ ಜಿಲ್ಲೆಯಲ್ಲಿರುವ ಕುಸನೂರಿನಲ್ಲಿ ಹಳ್ಳಿಗರು ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ ನಡೆಸಿದರು. ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ತಮಗೆ ಉಪಯುಕ್ತವಾದ ಗಿಡಗಳನ್ನು ಹಚ್ಚಿದರು. ಕೊನೆಗೆ 1990ರ ದಶಕದ ಆರಂಭದಲ್ಲಿ ಸರಕಾರವು ಆ ಕಂಪನಿಯನ್ನೇ ಮುಚ್ಚಿತು.

ಎಲ್ಲ ಹೋರಾಟಗಳಲ್ಲಿಯೂ ಕಾರಂತರಿಗೆ ಜಯ ದೊರೆಯಲಿಲ್ಲ. ಕೈಗಾ ಅಣುವಿದ್ಯುತ್ ಸ್ಥಾವರವನ್ನು ವಿರೋಧಿಸಿ 1989ರಲ್ಲಿ ಲೋಕಸಭಾ ಚುನಾವಣೆಗೆ ನಿಂತು ಸೋತರು, ಸ್ಥಾವರವೂ ತಲೆಯೆತ್ತಿತು. ಸೋಲಿಗೆ ಅಂಜಿ ಅವರು ತಮ್ಮ ನಿಲುವನ್ನು ಬದಲಿಸಲಿಲ್ಲ. 1997ರ ಡಿಸೆಂಬರ್ 9ರಂದು, ತೊಂಬತ್ತೈದರ ತುಂಬುವಯಸ್ಸಿನಲ್ಲಿ ಅವರು ಕಾಲವಾದರು.

ಅವರು ತೋರಿದ ದಾರಿ ಅಲ್ಲಿಗೇ ನಿಲ್ಲಲಿಲ್ಲ. ಅವರೊಡನೆ ಅರ್ಜಿ ಸಲ್ಲಿಸಿದ್ದ ಅದೇ ಸಮುದಾಯವು ಮುಂದೆ ಬಳ್ಳಾರಿಯ ಅಕ್ರಮ ಗಣಿಗಾರಿಕೆಯ ವಿರುದ್ಧವೂ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. 2011ರ ಜುಲೈನಲ್ಲಿ ಅಲ್ಲಿನ ಕಬ್ಬಿಣದ ಅದಿರಿನ ಗಣಿಗಾರಿಕೆಗೆ ನ್ಯಾಯಾಲಯ ತಡೆಯೊಡ್ಡಿತು. ನೆರೆಯ ಗದಗ ಜಿಲ್ಲೆಯಲ್ಲಿ ಗಣಿಗಾರಿಕೆಗೆ ಎದುರಾಗಿ ಜನರು ಹೋರಾಡಿ ಉಳಿಸಿಕೊಂಡ ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು.

ನೀಲಗಿರಿ ನೆಡುವುದಕ್ಕಾಗಲಿ, ಅದಿರು ಅಗೆಯುವುದಕ್ಕಾಗಲಿ, ನೆಲವನ್ನು ಕೇಳುವವರು ಮೊದಲು ಆ ನೆಲವನ್ನು ನಂಬಿ ಬದುಕುವವರನ್ನು ಕೇಳಬೇಕು. ಪಟ್ಟೆಯಲ್ಲಿ ಹೆಸರಿಲ್ಲದವರಿಗೂ ನೆಲದ ಮೇಲೆ ಹಕ್ಕುಂಟೆಂಬುದನ್ನು ಕಾರಂತರು ತಮ್ಮ ಬರಹದಲ್ಲಿ ಕಾಣಿಸಿದರು. ಬದುಕಿನಲ್ಲಿ ಅದಕ್ಕಾಗಿ ನಿಂತರು.