ಕಡಲಿಗೆ ಸೋಲದ ಗಾರೆ ಕಲಸಿದ ಜಾನ್ ಸ್ಮೀಟನ್

ನೀರಿನೊಳಗೂ ಗಟ್ಟಿಯಾಗುವ ಗಾರೆಯ ರಹಸ್ಯವೇನು? ಈ ಪ್ರಶ್ನೆಗೆ ಪ್ರಯೋಗದ ಮೂಲಕ ಉತ್ತರ ಕಂಡುಕೊಂಡವನು ಇಂಗ್ಲೆಂಡಿನ ಎಂಜಿನಿಯರ್ ಜಾನ್ ಸ್ಮೀಟನ್.

1724ರ ಜೂನ್ 8ರಂದು ಲೀಡ್ಸ್ ಸಮೀಪದ ಆಸ್ತೊರ್ಪ್‌ನಲ್ಲಿ, ವಕೀಲರ ಮನೆಯಲ್ಲಿ ಆತ ಜನಿಸಿದ. ಮಗನೂ ಕಾನೂನು ಓದಲೆಂಬುದು ತಂದೆಯ ಇಚ್ಛೆ. ಆದರೆ ಮಗನ ಒಲವು ಯಂತ್ರಗಳತ್ತ. ಕಾನೂನು ತೊರೆದು, ವೈಜ್ಞಾನಿಕ ಉಪಕರಣಗಳ ತಯಾರಿಕೆಯನ್ನೇ ವೃತ್ತಿಯಾಗಿಸಿಕೊಂಡ. 1753ರಲ್ಲಿ ರಾಯಲ್ ಸೊಸೈಟಿಯ ಸದಸ್ಯನಾದ.

ಪ್ಲಿಮತ್ ಬಂದರಿನಿಂದ ಸುಮಾರು 22 ಕಿ.ಮೀ. ದೂರದಲ್ಲಿರುವ ಎಡಿಸ್ಟೋನ್ ಬಂಡೆಗಳು ನಾವಿಕರ ಪಾಲಿಗೆ ಯಮಸ್ವರೂಪಿಯಾಗಿದ್ದವು. ಅಲ್ಲಿನ ಮೊದಲ ದೀಪಸ್ತಂಭವನ್ನು 1703ರ ಬಿರುಗಾಳಿಯು, ಅದನ್ನು ಕಟ್ಟಿಸಿದ ಹೆನ್ರಿ ವಿನ್‌ಸ್ಟನ್ಲಿಯ ಸಮೇತ ಬಲಿ ತೆಗೆದುಕೊಂಡಿತು. ಬಳಿಕ ನಿಂತ ಮರದ ಸ್ತಂಭ 1755ರಲ್ಲಿ ಬೆಂಕಿಗೆ ಆಹುತಿಯಾಯಿತು. ಮತ್ತೆ ಕಟ್ಟುವ ಹೊಣೆ ಸ್ಮೀಟನ್ನನ ಹೆಗಲೇರಿತು.

ಕಲ್ಲಿನಲ್ಲೇ ಕಟ್ಟುವುದೆಂದು ಆತ ನಿಶ್ಚಯಿಸಿದ. ಆದರೆ ಉಬ್ಬರದ ಅಲೆ ಬಡಿಯುವ ಆ ಜಾಗದಲ್ಲಿ ಸಾಮಾನ್ಯ ಸುಣ್ಣದ ಗಾರೆ ಗಟ್ಟಿಯಾಗುವ ಮುನ್ನವೇ ಕೊಚ್ಚಿಹೋಗುವಂತಿತ್ತು. ಕಲ್ಲು ಗಟ್ಟಿಯಿದ್ದಷ್ಟೂ ಅದರ ಸುಣ್ಣ ಗಟ್ಟಿ ಎಂಬುದು ಅಂದಿನ ನಂಬಿಕೆ. ಸ್ಮೀಟನ್ ಅದನ್ನು ಒಪ್ಪಲಿಲ್ಲ. ಬಗೆಬಗೆಯ ಸುಣ್ಣದ ಉಂಡೆಗಳನ್ನು ನೀರಿನಲ್ಲಿಟ್ಟು ಪರೀಕ್ಷಿಸಿದ. ಸುಣ್ಣಕಲ್ಲುಗಳನ್ನು ಆಮ್ಲದಲ್ಲಿ ಕರಗಿಸಿದ. ನೀರಿನಲ್ಲಿ ಗಟ್ಟಿಯಾಗುವ ಸುಣ್ಣ ಕೊಡುವ ಕಲ್ಲಿನಲ್ಲಿ ಜೇಡಿಮಣ್ಣು ಇರುವುದು ಕಂಡುಬಂದಿತು. ಗುಟ್ಟು ಕಲ್ಲಿನ ಗಡಸುತನದಲ್ಲಿರಲಿಲ್ಲ, ಅದರೊಳಗಿನ ಮಣ್ಣಿನಲ್ಲಿತ್ತು.

ವೇಲ್ಸ್‌ನ ಅಬರ್‌ಥಾ ಸುಣ್ಣಕ್ಕೆ ಇಟಲಿಯ ಪೊಝೊಲಾನಾ ಎಂಬ ಜ್ವಾಲಾಮುಖಿ ಬೂದಿಯನ್ನು ಆತ ಸಮಪ್ರಮಾಣದಲ್ಲಿ ಬೆರೆಸಿದ. ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿದ ನಮ್ಮ ಸುರ್ಕಿ ಗಾರೆಯದೂ ಇದೇ ತತ್ತ್ವ. ಕನ್ನಂಬಾಡಿ ಕಟ್ಟೆಯ ಕಲ್ಲುಗಳನ್ನು ಬೆಸೆದದ್ದು ಸುರ್ಕಿಯೇ. ಒಂದಕ್ಕೊಂದು ಕಚ್ಚಿಕೊಳ್ಳುವಂತೆ ಕಡೆದ ಕಲ್ಲುಗಳನ್ನು ಸ್ಮೀಟನ್ ಈ ಗಾರೆಯಿಂದ ಬಂಧಿಸಿದ. 1759ರ ಅಕ್ಟೋಬರ್ 16ರಂದು ಸ್ತಂಭದಲ್ಲಿ 24 ಮೇಣದಬತ್ತಿಗಳು ಬೆಳಗಿದವು. ಜಲಚಕ್ರಗಳ ಕುರಿತ ಸಂಶೋಧನೆಗಾಗಿ ಅದೇ ವರ್ಷ ಆತನಿಗೆ ಕಾಪ್ಲಿ ಪದಕ ಸಂದಿತು. ಮುಂದೆ ಸೇತುವೆ, ಕಾಲುವೆ, ಬಂದರುಗಳನ್ನು ನಿರ್ಮಿಸಿದ ಆತ, 1771ರಲ್ಲಿ ಎಂಜಿನಿಯರುಗಳ ಸಂಘವೊಂದರ ಸ್ಥಾಪನೆಗೂ ಕಾರಣನಾದ. ದೀಪಸ್ತಂಭದ ಕಥನವನ್ನು 1791ರಲ್ಲಿ ಗ್ರಂಥರೂಪದಲ್ಲಿ ಹೊರತಂದು, 1792ರ ಅಕ್ಟೋಬರ್ 28ರಂದು ಹುಟ್ಟೂರಿನಲ್ಲೇ ನಿಧನ ಹೊಂದಿದ.

ಸುಣ್ಣದ ಗಾರೆಗೆ ಇನ್ನೊಂದು ಗುಣವಿದೆ. ಕೂದಲೆಳೆಯಂಥ ಬಿರುಕಿನೊಳಗೆ ನೀರು ಇಳಿದಾಗ ಒಳಗಿನ ಸುಣ್ಣ ಕರಗಿ, ಗಾಳಿಯ ಇಂಗಾಲಾಮ್ಲದೊಡನೆ ಸೇರಿ, ಮರಳಿ ಕಲ್ಲಾಗಿ ಬಿರುಕನ್ನು ಮುಚ್ಚುತ್ತದೆ. ಸಿಮೆಂಟಿನ ಒಂದು ಪಾಲಿಗೆ ಬದಲಾಗಿ ಹಾರುಬೂದಿ ಬೆರೆಸಿ, ಬಿರುಕು ಅಗಲವಾಗದಂತೆ ನಾರು ಸೇರಿಸಿ, ತನ್ನ ಗಾಯವನ್ನು ತಾನೇ ಮಾಯಿಸಿಕೊಳ್ಳುವ ಗಾರೆಗಾಗಿ ಇಂದಿನ ಸಂಶೋಧಕರು ಶ್ರಮಿಸುತ್ತಿರುವುದು ಈ ಗುಣವನ್ನು ನೆಚ್ಚಿಯೇ.

ಎಡಿಸ್ಟೋನಿನಲ್ಲಿ ಕೊನೆಗೆ ಸೋತದ್ದು ಗಾರೆಯಲ್ಲ, ಬಂಡೆ. ಅಡಿಯ ಬಂಡೆ ಸವೆದುದರಿಂದ 1882ರಲ್ಲಿ ಪಕ್ಕದಲ್ಲೇ ಹೊಸ ಸ್ತಂಭ ಎದ್ದಿತು. ಹಳೆಯದರ ಮೇಲ್ಭಾಗವನ್ನು ಬಿಚ್ಚಿ ಪ್ಲಿಮತ್‌ನ ದಡದಲ್ಲಿ ಮರಳಿ ನಿಲ್ಲಿಸಲಾಯಿತು. ಬುಡಭಾಗ ಮಾತ್ರ ಇಂದಿಗೂ ಅಲೆಗಳಿಗೆ ಎದೆಯೊಡ್ಡಿ ಅಲ್ಲೇ ನಿಂತಿದೆ.