ಅಂಜಿಕೆಯೇ ಗುರುವಾದಾಗ: ಎಡ್ಸ್‌ಗರ್ ಡೈಕ್‌ಸ್ಟ್ರಾ

ಧೈರ್ಯದಿಂದ ದೊಡ್ಡವರಾದವರ ಚರಿತ್ರೆಗಳನ್ನು ನಾವು ಬಹಳವಾಗಿ ಓದಿದ್ದೇವೆ. ಅಂಜಿಕೆಯನ್ನೇ ಗುರುವಾಗಿಸಿಕೊಂಡು ದೊಡ್ಡ ಕೆಲಸವನ್ನು ಸಾಧಿಸಿದವರು ವಿರಳ. ಕಂಪ್ಯೂಟರ್ ಶಾಸ್ತ್ರದ ಆಚಾರ್ಯಪುರುಷರಲ್ಲಿ ಒಬ್ಬನಾದ ಎಡ್ಸ್‌ಗರ್ ಡೈಕ್‌ಸ್ಟ್ರಾ ಅಂಥ ವಿರಳರ ಪಂಕ್ತಿಗೆ ಸೇರಿದವನು.

ಅವನು ಹುಟ್ಟಿದ್ದು ಹಾಲೆಂಡಿನ ರಾಟರ್‌ಡ್ಯಾಮ್ ನಗರದಲ್ಲಿ, 1930ನೆಯ ಇಸವಿ ಮೇ 11ರಂದು. ತಂದೆ ರಸಾಯನಶಾಸ್ತ್ರದ ಉಪಾಧ್ಯಾಯ. ತಾಯಿ ಗಣಿತದಲ್ಲಿ ಪಾಂಡಿತ್ಯವುಳ್ಳವಳು. ಲೈಡನ್ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನವನ್ನು ಓದುತ್ತಿದ್ದ ಈ ತರುಣ 1951ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜಿಗೆ ಹೋಗಿ ಪ್ರೋಗ್ರಾಮು ರಚಿಸುವ ವಿದ್ಯೆಯನ್ನು ಕಲಿತು ಬಂದ. ಮರುವರ್ಷ ಆಮ್‌ಸ್ಟರ್‌ಡ್ಯಾಮಿನ ಗಣಿತಕೇಂದ್ರದಲ್ಲಿ ಅದೇ ಅವನ ವೃತ್ತಿಯಾಯಿತು. ಆದರೆ ಆ ವೃತ್ತಿಯನ್ನು ಲೋಕ ಇನ್ನೂ ಅರಿತಿರಲಿಲ್ಲ. 1957ರಲ್ಲಿ ತನ್ನ ವಿವಾಹದ ದಾಖಲೆಯಲ್ಲಿ ಪ್ರೋಗ್ರಾಮರ್ ಎಂದು ಬರೆಸಹೋದಾಗ ಅಧಿಕಾರಿಗಳು ಅಂಥದೊಂದು ಕಸುಬೇ ಇಲ್ಲವೆಂದರು. ಭೌತವಿಜ್ಞಾನಿ ಎಂದು ಬರೆಸಿಯೇ ಅವನು ಮದುವೆಯಾಗಬೇಕಾಯಿತು.

ಅದೇ ಕಾಲದಲ್ಲಿ ಅವನ ಸಹೋದ್ಯೋಗಿಗಳು ಎಕ್ಸ್-1 ಎಂಬ ಹೊಸ ಯಂತ್ರವನ್ನು ರೂಪಿಸುತ್ತಿದ್ದರು. ಯಂತ್ರವು ಲೆಕ್ಕದಲ್ಲಿ ತೊಡಗಿರುವಾಗಲೇ ಹೊರಗಿನ ಉಪಕರಣವೊಂದು ನಡುವೆ ತಡೆದು, ತನ್ನ ಕೆಲಸ ಮುಗಿಯಿತೆಂದು ತಿಳಿಸುವ ಏರ್ಪಾಡು ಅದರಲ್ಲಿತ್ತು. ಇದಕ್ಕೆ ಇಂಟರಪ್ಟ್ ಎಂದು ಹೆಸರು. ಕಾಯುವ ಹೊತ್ತು ಉಳಿಯುವುದೆಂದು ಉಳಿದವರು ಹಿಗ್ಗಿದರೆ ಡೈಕ್‌ಸ್ಟ್ರಾ ಬೆದರಿದ. ತಡೆಯು ಯಾವ ಕ್ಷಣದಲ್ಲಾದರೂ ಬರಬಹುದು. ನಿನ್ನೆ ಬಂದ ಕ್ಷಣದಲ್ಲಿಯೇ ಇಂದೂ ಬರುವುದೆಂಬ ನಿಯಮವಿಲ್ಲ. ಆದ್ದರಿಂದ ಒಮ್ಮೆ ತಲೆದೋರಿದ ದೋಷ ಮತ್ತೆ ನಡೆಸಿ ನೋಡಿದರೆ ಕಾಣಿಸದೆ ಹೋಗಬಹುದು. ಅಷ್ಟೇ ಅಲ್ಲ, ಪ್ರೋಗ್ರಾಮಿನ ತಪ್ಪು ಯಂತ್ರದ ಕೆಡುಕಿನ ವೇಷ ತೊಟ್ಟು ಎಲ್ಲರನ್ನೂ ದಾರಿ ತಪ್ಪಿಸಬಹುದು. ಕೆಲವು ತಿಂಗಳು ವಿರೋಧಿಸಿ, ಕಡೆಗೆ ಮಣಿದು, ಆ ತಡೆಗಳನ್ನು ನಿಭಾಯಿಸುವ ಪ್ರೋಗ್ರಾಮನ್ನು ಅವನೇ ಬರೆದ. ಅದೇ ವಿಷಯದ ಪ್ರಬಂಧಕ್ಕೆ 1959ರಲ್ಲಿ ಡಾಕ್ಟರೇಟ್ ಪದವಿಯೂ ದೊರೆಯಿತು. ಪದವಿ ಬಂದರೂ ಅಂಜಿಕೆ ಮಾತ್ರ ಹೋಗಲಿಲ್ಲ.

ಅದು ಹುಸಿ ಅಂಜಿಕೆಯಲ್ಲ. ಇಂದಿನ ಪ್ರೋಗ್ರಾಮರನ ಕೈಯಲ್ಲಿ ಡಿಬಗ್ಗರ್ ಎಂಬ ಸಾಧನವಿದೆ. ಕುಸಿದುಬಿದ್ದ ಪ್ರೋಗ್ರಾಮನ್ನು ಹೆಜ್ಜೆಹೆಜ್ಜೆಗೂ ನಿಲ್ಲಿಸಿ ಒಳಗನ್ನು ಪರೀಕ್ಷಿಸಬಹುದು. ಆದರೆ ಸಾಮಾನ್ಯ ಡಿಬಗ್ಗರು ನಿಂತಿರುವುದು ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನೆಲ್ಲಿನ ಆಧಾರದ ಮೇಲೆ. ದೋಷವು ಆ ತಿರುಳಿನಲ್ಲಿಯೇ ಇದ್ದರೆ, ತಾನು ಕುಳಿತ ಕೊಂಬೆಯನ್ನೇ ಕಡಿದು ನೋಡುವವನ ಪಾಡು ಅದರದು. ಮೇಲಾಗಿ, ನಿಲ್ಲಿಸಿ ನೋಡಿದೊಡನೆ ಕಾಲದ ಹೊಂದಿಕೆ ಬದಲಾಗಿ ದೋಷವೇ ಅಡಗಿಬಿಡುವುದುಂಟು.

1962ರಲ್ಲಿ ಡೈಕ್‌ಸ್ಟ್ರಾ ಐಂಡ್‌ಹೋವನ್ನಿನಲ್ಲಿ ಗಣಿತದ ಪ್ರಾಧ್ಯಾಪಕನಾದ. ಅಲ್ಲಿ ಆರು ಮಂದಿಯ ಸಣ್ಣ ತಂಡವೊಂದು ಅವನ ನೇತೃತ್ವದಲ್ಲಿ ಎಕ್ಸ್-8 ಯಂತ್ರಕ್ಕೆ ಆಪರೇಟಿಂಗ್ ಸಿಸ್ಟಮ್ಮನ್ನು ಕಟ್ಟಿತು. ಬಿದ್ದ ಮೇಲೆ ಹುಡುಕುವುದಕ್ಕಿಂತ ಬೀಳದಂತೆ ಕಟ್ಟುವುದು ಲೇಸೆಂಬುದು ಅಂಜಿಕೆ ಅವನಿಗೆ ಕಲಿಸಿದ ಪಾಠ. ಸಿಸ್ಟಮ್ಮನ್ನು ಉಪ್ಪರಿಗೆಗಳ ಮನೆಯಂತೆ ಅಂತಸ್ತು ಅಂತಸ್ತಾಗಿ ಯೋಜಿಸಿದ. ಎಲ್ಲಕ್ಕೂ ಕೆಳಗಿನ ಅಂತಸ್ತು ಪ್ರೊಸೆಸರನ್ನು ಕೆಲಸಗಳಿಗೆ ಹಂಚುತ್ತದೆ. ಗಡಿಯಾರದ ಇಂಟರಪ್ಟು ಅಲ್ಲಿಯೇ ಇತ್ಯರ್ಥವಾಗುತ್ತದೆ. ಅದರ ಮೇಲೆ ಕ್ರಮವಾಗಿ ಸ್ಮೃತಿಯ ನಿರ್ವಹಣೆ, ಯಂತ್ರ ನಡೆಸುವವನೊಡನೆ ಸಂವಾದ, ಉಪಕರಣಗಳ ವ್ಯವಹಾರ, ಬಳಸುವವರ ಪ್ರೋಗ್ರಾಮುಗಳು. ಏಕಕಾಲದಲ್ಲಿ ನಡೆಯುವ ಕೆಲಸಗಳು ಡಿಕ್ಕಿ ಹೊಡೆಯದಂತೆ ರೈಲುಹಾದಿಯ ಕೈಮರದಂಥ ಗುರುತುಗಳನ್ನು ಕಲ್ಪಿಸಿ, ಅವಕ್ಕೆ ಸೆಮಫೋರ್ ಎಂದು ಹೆಸರಿಟ್ಟ. ಹೊಂದಿಕೆ ಸರಿಯೆಂದು ಮೊದಲು ತರ್ಕದಿಂದ ಸಾಧಿಸಿ, ಒಂದು ಅಂತಸ್ತು ಪರೀಕ್ಷೆಯಲ್ಲಿ ಗಟ್ಟಿಯೆಂದು ಕಂಡ ಮೇಲೆಯೇ ಇನ್ನೊಂದನ್ನು ಏರಿಸಿದ.

1968ರಲ್ಲಿ ಪ್ರಕಟವಾದ ವರದಿಯಲ್ಲಿ ಅವನು ಫಲವನ್ನು ತಿಳಿಸಿದ್ದಾನೆ. ಪರೀಕ್ಷೆಯ ಕಾಲದಲ್ಲಿ ಸಿಕ್ಕವು ಬರವಣಿಗೆಯ ಕ್ಷುಲ್ಲಕ ತಪ್ಪುಗಳು ಮಾತ್ರ, 500 ಆದೇಶಗಳಿಗೆ ಒಂದರಂತೆ. ಪ್ರತಿಯೊಂದರ ನೆಲೆಯೂ 10 ನಿಮಿಷಗಳೊಳಗೆ ತಿಳಿಯಿತು. ಅದೇ ವರದಿಯಲ್ಲಿ, ಈ ವಿಧಾನದ ಮೂಲ ತನ್ನ ಭಯವೆಂಬುದನ್ನೂ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡ. ವಿದ್ವಾಂಸರ ಬರಹದಲ್ಲಿ ಇಂಥ ಪ್ರಾಮಾಣಿಕತೆ ಅಪರೂಪ.

1972ರ ಟ್ಯೂರಿಂಗ್ ಪ್ರಶಸ್ತಿ ಅವನಿಗೆ ಸಂದಿತು. ಪರೀಕ್ಷೆಯು ತಪ್ಪು ಇದೆಯೆಂಬುದನ್ನು ತೋರೀತೇ ಹೊರತು ಇಲ್ಲವೆಂಬುದನ್ನು ಎಂದೂ ತೋರಲಾರದು ಎಂಬುದು ಅವನು ಬೋಧಿಸಿದ ತತ್ತ್ವ. 1984ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೆ ಹೋದ. ಜೀವಮಾನದಲ್ಲಿ 1300ಕ್ಕೂ ಹೆಚ್ಚು ಟಿಪ್ಪಣಿಗಳನ್ನು ಬರೆದ. ಅವುಗಳಲ್ಲಿ ಬಹುಪಾಲು ಫೌಂಟನ್ ಪೆನ್ನಿನಿಂದ ಬರೆದು ಮಿತ್ರರಿಗೆ ಪ್ರತಿಮಾಡಿ ಹಂಚಿದವು. ಕಡೆಗೆ ಹುಟ್ಟುನಾಡಿಗೆ ಮರಳಿ, 2002ರ ಆಗಸ್ಟ್ 6ರಂದು ನ್ಯೂನೆನ್ ಎಂಬ ಊರಿನಲ್ಲಿ ತೀರಿಕೊಂಡ.

ಇಂದಿನ ಕರ್ನೆಲ್‌ಗಳಲ್ಲಿ ಕೋಟಿ ಸಾಲುಗಳನ್ನು ಮೀರಿದವೂ ಇವೆ; ಅಷ್ಟನ್ನೂ ತರ್ಕದಿಂದ ಸಾಧಿಸುವುದು ಸುಲಭವಲ್ಲ. ಡಿಬಗ್ಗರಿನ ನೆರವು ಹಲವರಿಗೆ ಬೇಕಾಗುತ್ತದೆ. ಆದರೂ ಆಧಾರವಾದುದನ್ನು ಕಟ್ಟುವವನು ಅದರ ಮೇಲೆ ನಿಲ್ಲುವವರಿಗಾಗಿ ಮುಂಚೆಯೇ ಅಂಜಬೇಕೆಂಬ ಅವನ ಪಾಠ ಹಳತಾಗಿಲ್ಲ.