ಸಸ್ಯಲೋಕದ ಸಾಧಕಿ ಡಾ. ಜಾನಕಿ ಅಮ್ಮಾಳ್

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಏನಾದರೂ ಬರೆಯಬೇಕೆಂದಾಗ, ನಮ್ಮ ಶಾಲೆಯಲ್ಲಿ ಹಲವು ವರ್ಷ ಜೀವಶಾಸ್ತ್ರ ಕಲಿಸಿದ ನನಗೆ ಒಬ್ಬ ವಿಜ್ಞಾನಿಯ ಬದುಕನ್ನು ಹೇಳೋಣವೆನಿಸಿತು. ಡಾರ್ವಿನ್, ಮೆಂಡೆಲ್ ಹೆಸರುಗಳು ನಮ್ಮ ಮಕ್ಕಳ ಬಾಯಲ್ಲಿವೆ. ಪಶ್ಚಿಮ ಘಟ್ಟದ ಮಗ್ಗುಲಲ್ಲೇ ಹುಟ್ಟಿ, ಗಿಡಗಳ ಒಳಗುಟ್ಟನ್ನು ಅರಸುತ್ತ ಜಗತ್ತು ಸುತ್ತಿದ ಡಾ. ಇ. ಕೆ. ಜಾನಕಿ ಅಮ್ಮಾಳ್ ಅವರ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ. ಕೇಳಿಬರಬೇಕು ಎಂಬುದೇ ನನ್ನ ಆಸೆ.

ಜಾನಕಿ ಹುಟ್ಟಿದ್ದು 1897ರ ನವೆಂಬರ್ 4ರಂದು, ಕೇರಳದ ತಲಶ್ಶೇರಿಯಲ್ಲಿ. ತಂದೆ ಎಕ್ಕತ್ ಕಕ್ಕತ್ ಕೃಷ್ಣನ್ ನ್ಯಾಯಾಧೀಶರು. ಗಿಡಮರ, ಹಕ್ಕಿಗಳೆಂದರೆ ಅವರಿಗೆ ಬಹಳ ಪ್ರೀತಿ. ಮಗಳಿಗೆ ಅಂಟಿದ್ದು ಅದೇ ಪ್ರೀತಿ. ತುಂಬು ಸಂಸಾರ. ಮನೆಯ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಮದುವೆಯಾಗಿ ಹೋದರು. ಜಾನಕಿಗೂ ಸಂಬಂಧ ಗೊತ್ತು ಮಾಡಿದ್ದರು. ಆಕೆ ಓದನ್ನು ಆರಿಸಿಕೊಂಡರು, ಕೊನೆಯವರೆಗೂ ಮದುವೆಯಾಗಲಿಲ್ಲ. ಜಾತಿಯ ಏಣಿಯಲ್ಲಿ ಕೆಳಗಿಟ್ಟಿದ್ದ ತೀಯ ಸಮುದಾಯದ ಹೆಣ್ಣುಮಗಳೊಬ್ಬಳು ನೂರು ವರ್ಷದ ಹಿಂದೆ ಹೀಗೆ ನಿರ್ಧರಿಸಿದ್ದು ಸಣ್ಣ ಮಾತಲ್ಲ.

ಮದ್ರಾಸಿನ ಕ್ವೀನ್ ಮೇರೀಸ್ ಕಾಲೇಜಿನಲ್ಲಿ ಓದಿ, 1921ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನಿಂದ ಸಸ್ಯಶಾಸ್ತ್ರದಲ್ಲಿ ಆನರ್ಸ್ ಪದವಿ ಪಡೆದರು. ಮದ್ರಾಸಿನ ವುಮೆನ್ಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಅಧ್ಯಾಪಕಿಯಾಗಿದ್ದಾಗ, ಏಷ್ಯಾದ ಮಹಿಳೆಯರಿಗೆಂದೇ ಮೀಸಲಾದ ಬಾರ್ಬರ್ ವಿದ್ಯಾರ್ಥಿವೇತನ ದೊರೆಯಿತು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ 1925ರಲ್ಲಿ ಸ್ನಾತಕೋತ್ತರ ಪದವಿ, 1931ರಲ್ಲಿ ಡಾಕ್ಟರೇಟ್ ಪಡೆದರು. ಆ ದೇಶದಲ್ಲಿ ಸಸ್ಯಶಾಸ್ತ್ರದ ಡಾಕ್ಟರೇಟ್ ಪಡೆದ ಮೊದಲ ಸಾಲಿನ ಭಾರತೀಯ ಮಹಿಳೆಯರಲ್ಲಿ ಅವರೂ ಒಬ್ಬರು.

ಅವರ ವಿಷಯ ವರ್ಣತಂತು. ಪ್ರತಿ ಜೀವಕೋಶದ ಕೇಂದ್ರದಲ್ಲೂ ದಾರದ ತುಂಡಿನಂಥ ವರ್ಣತಂತುಗಳಿರುತ್ತವೆ. ಗಿಡದ ಗುಣಗಳನ್ನು ನಿರ್ಧರಿಸುವ ವಂಶವಾಹಿಗಳು ಅವುಗಳಲ್ಲಿವೆ. ಬೇರಿನ ತುದಿಯನ್ನೋ ಮೊಗ್ಗನ್ನೋ ಕೊಯ್ದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿ ಎಣಿಸಬೇಕು. ತಾಳ್ಮೆ ಬೇಡುವ, ಕಣ್ಣು ದಣಿಯುವ ಕೆಲಸ. ಅದನ್ನು ಅವರು ಜೀವಮಾನವಿಡೀ ಮಾಡಿದರು.

ತಿರುವನಂತಪುರದಲ್ಲಿ ಎರಡು ವರ್ಷ ಪ್ರಾಧ್ಯಾಪಕಿಯಾಗಿದ್ದು, 1934ರಲ್ಲಿ ಕೊಯಮತ್ತೂರಿನ ಕಬ್ಬು ತಳಿ ಸಂಶೋಧನಾ ಕೇಂದ್ರ ಸೇರಿದರು. ನಮ್ಮ ರೈತರು ಹೇಳುವ ‘ಕೋ’ ಕಬ್ಬಿನ ತಳಿಗಳಿವೆಯಲ್ಲ, ಆ ‘ಕೋ’ ಎಂದರೆ ಕೊಯಮತ್ತೂರು. ಅಲ್ಲಿ ಜಾನಕಿಯವರು ಕಬ್ಬನ್ನು ಅದರ ಕಾಡು ಬಂಧುಗಳಾದ ಹುಲ್ಲುಗಳೊಂದಿಗೆ, ಮೆಕ್ಕೆಜೋಳದೊಂದಿಗೂ ಸಂಕರ ಮಾಡಿ, ವರ್ಣತಂತುಗಳು ಹೇಗೆ ಬೆರೆಯುತ್ತವೆ ಎಂಬುದನ್ನು ತೋರಿಸಿಕೊಟ್ಟರು. ಸರ್ ಸಿ. ವಿ. ರಾಮನ್ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿ 1935ರಲ್ಲಿ ಅವರನ್ನು ಫೆಲೋ ಆಗಿ ಆರಿಸಿತು.

1939ರಲ್ಲಿ ತಳಿವಿಜ್ಞಾನ ಸಮ್ಮೇಳನಕ್ಕೆಂದು ಎಡಿನ್‌ಬರೋಗೆ ಹೋದಾಗ ಎರಡನೇ ಮಹಾಯುದ್ಧ ಶುರುವಾಯಿತು. ಅವರು ಇಂಗ್ಲೆಂಡಿನಲ್ಲೇ ಉಳಿದು, ಬಾಂಬುಗಳ ಭಯದ ನಡುವೆ ಲಂಡನ್ನಿನ ಜಾನ್ ಇನ್ಸ್ ಸಂಸ್ಥೆಯಲ್ಲಿ ಕೆಲಸ ಮುಂದುವರಿಸಿದರು. ಸಿ. ಡಿ. ಡಾರ್ಲಿಂಗ್ಟನ್ ಅವರೊಂದಿಗೆ ಸೇರಿ ಬರೆದ, ಬೆಳೆಗಿಡಗಳ ವರ್ಣತಂತುಗಳ ಕೋಶ 1945ರಲ್ಲಿ ಪ್ರಕಟವಾಯಿತು. ಲೋಕದ ಬೆಳೆಗಳ ವರ್ಣತಂತು ಸಂಖ್ಯೆಯನ್ನು ಒಂದೆಡೆ ಕೂಡಿಸಿದ ಪುಸ್ತಕವದು.

ಮುಂದೆ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ವಿಸ್ಲಿ ಉದ್ಯಾನದಲ್ಲಿ ಕಾಲ್ಚಿಸಿನ್ ಎಂಬ ವಸ್ತುವನ್ನು ಪ್ರಯೋಗಿಸಿದರು. ಇದೊಂದು ಔಷಧಿ ಗಿಡದ ವಿಷ. ಮಳೆಗಾಲದಲ್ಲಿ ನಮ್ಮ ಬೇಲಿಗಳಲ್ಲಿ ಬೆಂಕಿಯಂತೆ ಅರಳುವ ಅಗ್ನಿಶಿಖೆಯಲ್ಲೂ ಇದೇ ವಿಷವಿದೆ. ಮಕ್ಕಳು ಅದರ ಗಡ್ಡೆಯನ್ನು ಬಾಯಿಗಿಡಬಾರದೆಂದು ನಾನು ಹೇಳುತ್ತಿದ್ದುದು ಅದಕ್ಕೇ. ಜೀವಕೋಶ ಒಡೆದು ಎರಡಾಗುವಾಗ ವರ್ಣತಂತುಗಳು ಬೇರೆಯಾಗದಂತೆ ಕಾಲ್ಚಿಸಿನ್ ತಡೆಯುತ್ತದೆ. ಆಗ ಅವು ಇಮ್ಮಡಿಯಾಗಿ ಉಳಿದು, ಎಲೆ ದಪ್ಪಗೆ, ಹೂ ದೊಡ್ಡದಾಗುವುದುಂಟು. ಹೀಗೆ ಅವರು ಸಂಶೋಧಿಸಿದ ಮ್ಯಾಗ್ನೋಲಿಯಾ ಹೂಮರಗಳಲ್ಲಿ ಒಂದಕ್ಕೆ ಅವರದೇ ಹೆಸರಿದೆ.

ಚಹಾ ಗಿಡದ ಕುಲವಾದ ಕಮೆಲಿಯಾವನ್ನೂ ಅವರು ಅಧ್ಯಯನ ಮಾಡಿದರು. ಚಹಾ ಗಿಡದ ಜೀವಕೋಶದಲ್ಲಿ 30 ವರ್ಣತಂತುಗಳಿದ್ದರೆ, ಅದೇ ಕುಲದ ಕೆಲವು ಹೂಗಿಡಗಳಲ್ಲಿ 90 ಇವೆ. ಈ ಲೆಕ್ಕ ತಿಳಿಯದೆ ಎರಡನ್ನು ಸಂಕರ ಮಾಡಹೊರಟರೆ ಸಂತತಿ ಬೀಜ ಕಟ್ಟದೆ ಹೋಗಬಹುದು. ಚಹಾದ ಚೊಗರು, ಕೆಫೀನ್ ಎಲ್ಲವೂ ಗಿಡ ತನ್ನೊಳಗೆ ತಯಾರಿಸಿಕೊಂಡ ರಾಸಾಯನಿಕಗಳು. ಎಲೆಯನ್ನು ಹೊಸಕಿದಾಗ ಕೋಶ ಒಡೆದು, ಕಿಣ್ವ, ಚೊಗರು ಪದಾರ್ಥ, ಗಾಳಿ ಮೂರೂ ಸೇರಿ ಎಲೆ ಕಪ್ಪಾಗುತ್ತದೆ. ಮೊದಲೇ ಬಿಸಿ ತಾಗಿಸಿ ಕಿಣ್ವವನ್ನು ತಡೆದರೆ ಅದೇ ಎಲೆ ಹಸಿರು ಚಹಾ ಆಗುತ್ತದೆ. ಕಿಣ್ವ ಎಂಥದ್ದು, ಎಷ್ಟು ಎಂಬುದು ವಂಶವಾಹಿಯ ಕೈಯಲ್ಲಿದೆ. ಆದ್ದರಿಂದ ಗಿಡದ ವಂಶ ತಿಳಿಯದೆ ಅದರ ರಸ ತಿಳಿಯದು.

ನೆಹರೂ ಅವರ ಆಹ್ವಾನದಂತೆ 1951ರಲ್ಲಿ ಸ್ವದೇಶಕ್ಕೆ ಮರಳಿ, ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆಯನ್ನು ಪುನರ್ ರೂಪಿಸುವ ಹೊಣೆ ಹೊತ್ತರು. ಅಲಹಾಬಾದಿನ ಕೇಂದ್ರ ಸಸ್ಯಶಾಸ್ತ್ರ ಪ್ರಯೋಗಾಲಯವನ್ನು ನಡೆಸಿದರು. ನಂತರ ಜಮ್ಮುವಿನ ಪ್ರಾದೇಶಿಕ ಸಂಶೋಧನಾಲಯದಲ್ಲಿ ದುಡಿದರು. ಮಜ್ಜಿಗೆ ಹುಲ್ಲು, ಪುದೀನ, ದತ್ತೂರಿ, ಕಾಡುಗೆಣಸು ಇವೆಲ್ಲವೂ ಅವರ ಸೂಕ್ಷ್ಮದರ್ಶಕದಡಿ ಬಂದವು. ರಕ್ತದೊತ್ತಡದ ಔಷಧಿ ರಿಸರ್ಪಿನ್ ದೊರೆಯುವ ಸರ್ಪಗಂಧದಲ್ಲಿ ವರ್ಣತಂತು ಇಮ್ಮಡಿಯಾಗುವುದನ್ನು ಕುರಿತೂ ಬರೆದರು. ನೋಡಲು ಒಂದೇ ತೆರನಾದ ಎರಡು ಗಿಡಗಳಲ್ಲಿ ಔಷಧಿಯ ಅಂಶ ಬೇರೆಬೇರೆ ಇರಬಹುದು. ನಾಟಿ ವೈದ್ಯರು ಈ ಜಾಗದ ಬೇರು ಒಳ್ಳೆಯದು, ಆ ಜಾಗದ್ದು ಬೇಡ ಎನ್ನುವುದರ ಹಿಂದೆ ಮಣ್ಣು, ಹವೆಗಳ ಜೊತೆಗೆ ಇಂಥ ಕಾರಣವೂ ಇರಬಹುದು. ಬುಡಕಟ್ಟು ಜನರ ಗಿಡಜ್ಞಾನವನ್ನು ಜಾನಕಿಯವರು ಗೌರವದಿಂದ ಕಂಡರು. ಅದು ಅಳಿಯುವ ಮುನ್ನ ದಾಖಲಾಗಬೇಕೆಂಬುದು ಅವರ ಕಾಳಜಿಯಾಗಿತ್ತು.

1970ರಲ್ಲಿ ಮದ್ರಾಸಿಗೆ ಬಂದು, ನಗರದ ಹೊರಗಿನ ಮಧುರವಾಯಲ್‌ನ ಕ್ಷೇತ್ರ ಪ್ರಯೋಗಾಲಯದಲ್ಲಿ ನೆಲೆಸಿ, ಔಷಧಿ ಗಿಡಗಳ ತೋಟ ಬೆಳೆಸಿದರು. 1977ರಲ್ಲಿ ಪದ್ಮಶ್ರೀ ಬಂತು. ಕೇರಳದ ಸೈಲೆಂಟ್ ವ್ಯಾಲಿ ಕಾಡನ್ನು ಜಲವಿದ್ಯುತ್ ಯೋಜನೆಗಾಗಿ ಮುಳುಗಿಸಹೊರಟಾಗ, ಎಂಬತ್ತರ ಆಸುಪಾಸಿನ ಈ ಹಿರಿಯರು ಅದನ್ನು ವಿರೋಧಿಸಿದವರ ಜೊತೆ ನಿಂತರು. ಒಂದು ಕಾಡು ಮುಳುಗಿದರೆ ಹೋಗುವುದು ಮರವಷ್ಟೇ ಅಲ್ಲ. ಇನ್ನೂ ಯಾರೂ ಎಣಿಸದ ವರ್ಣತಂತುಗಳು, ಯಾರೂ ಅರಿಯದ ಔಷಧಿಗಳೂ ಹೋಗುತ್ತವೆ. 1984ರ ಫೆಬ್ರವರಿ 7ರಂದು ಅವರು ತೀರಿಕೊಂಡರು. ಅದೇ ವರ್ಷ ನವೆಂಬರಿನಲ್ಲಿ ಸೈಲೆಂಟ್ ವ್ಯಾಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾಯಿತು. ಆ ದಿನವನ್ನು ಕಾಣಲು ಅವರಿರಲಿಲ್ಲ.

ಈ ಬದುಕನ್ನು ಇಲ್ಲಿ ಹೇಳಲು ನನಗೆ ಎರಡು ಕಾರಣಗಳಿವೆ. ಹತ್ತನೇ ತರಗತಿಯಲ್ಲಿ ಚೆನ್ನಾಗಿ ಅಂಕ ಪಡೆದ ಎಷ್ಟೋ ಹೆಣ್ಣುಮಕ್ಕಳು ಅಲ್ಲಿಗೇ ಓದು ನಿಲ್ಲಿಸಿದ್ದನ್ನು ನಾನು ಕಂಡಿದ್ದೇನೆ. ಹಾಗೆಯೇ ಸರ್ಪಗಂಧದಂಥ ಗಿಡಗಳನ್ನು ಬೇರುಸಹಿತ ಕಿತ್ತು ಮೂಟೆ ಕಟ್ಟುವುದನ್ನೂ ಕಂಡಿದ್ದೇನೆ. ಬೇರು ಕಿತ್ತ ಗಿಡ ಮತ್ತೆ ಚಿಗುರುವುದಿಲ್ಲ. ಊರಿನ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ: ಓದಬೇಕೆನ್ನುವ ಮಗಳನ್ನು ತಡೆಯಬೇಡಿ. ಶಾಲೆಯ ಹಿತ್ತಲಲ್ಲಿ ಒಂದು ಔಷಧಿವನ ಮಾಡಲು ಹಳೆಯ ವಿದ್ಯಾರ್ಥಿಗಳು ಕೈಜೋಡಿಸಲಿ. ಪ್ರತಿ ಗಿಡಕ್ಕೂ ಊರಿನವರು ಕರೆಯುವ ಹೆಸರು, ಶಾಸ್ತ್ರೀಯ ಹೆಸರು ಎರಡನ್ನೂ ಬರೆದ ಫಲಕವಿರಲಿ. ಹೆಸರು ಹೇಳಿಕೊಡಲು ನಮ್ಮ ಅಜ್ಜ ಅಜ್ಜಿಯರು ಇನ್ನೂ ಇದ್ದಾರೆ, ಬರೆದುಕೊಳ್ಳಲು ಮಕ್ಕಳಿದ್ದಾರೆ.